ಮಳೆಗಾಲದ ಪಾಲು

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ಈ ಹೆದರಿಕೆ ನನಗೆ ಅಂಟಿಕೊಂಡಿತು. ಅದು ೧೯೯೭. ಶಿರೂರಿನಲ್ಲಿ ನನ್ನ ಅಪ್ಪಯ್ಯನದು ಒಣಮೀನಿನ ವ್ಯಾಪಾರ. ಮಳೆ ಜೋರಾದಷ್ಟೂ ಗಿರಾಕಿ ಹೆಚ್ಚು. ಗಂಗೊಳ್ಳಿಯ ಗಂಡನ ಮನೆಯಲ್ಲಿ ಎಲ್ಲ ಉಲ್ಟಾ. ಗಂಡನಿಗೂ ಅವರ ಚಿಕ್ಕಂದಿನ ಸ್ನೇಹಿತರೊಬ್ಬರಿಗೂ ಸೇರಿ ಒಂದು ಟ್ರಾಲ್ ಬೋಟು ಇತ್ತು, ಅರ್ಧರ್ಧ ಪಾಲು. ಮಳೆ ಶುರುವಾಯಿತೆಂದರೆ ಕಡಲಿಗೆ ಇಳಿಯುವಂತಿಲ್ಲ. ಬೋಟನ್ನು ಹೊಳೆದಡಕ್ಕೆ ತಂದು, ಮೇಲೆ ತೆಂಗಿನ ಮಡಲು ಹೊದೆಸಿ, ಇಬ್ಬರೂ ಬಲೆ ಸರಿಮಾಡುತ್ತ ಕೂರುತ್ತಿದ್ದರು. ಸಂಪಾದನೆ ಇಲ್ಲದ ಆ ತಿಂಗಳುಗಳಲ್ಲೇ ಎಂಜಿನ್ನು, ಬಣ್ಣ, ಬಲೆ ಎಂದು ಖರ್ಚೆಲ್ಲ ಒಟ್ಟಿಗೆ ಬರುತ್ತಿತ್ತು. ನನ್ನ ಮದುವೆಯ ಸರ ಆ ವರ್ಷ ಅಡಮಾನಕ್ಕೆಂದು ಸೊಸೈಟಿಗೆ ಹೋಗಿ ದೀಪಾವಳಿಯ ಹೊತ್ತಿಗೆ ವಾಪಸು ಬಂತು.

"ಸರ ಹೋಪ್ದ್ ಬಪ್ದ್ ಇದ್ದದ್ದೇ ಹೆಣೆ, ಹೆದ್ರುಕಾಗ" ಅಂದರು ಅತ್ತೆ. ವರ್ಷಗಟ್ಟಲೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಾರಿದವರು ಅವರು, ಇಂಥದ್ದಕ್ಕೆಲ್ಲ ಹೆದರುವವರಲ್ಲ. ನಾನು ಹೆದರಿದೆ. ಆಮೇಲೆ ಏಪ್ರಿಲ್ ತಿಂಗಳ ಒಳ್ಳೆಯ ಬಿಸಿಲಿನಲ್ಲೂ ಪಡುವಣದಲ್ಲಿ ಮೋಡ ಕಂಡರೆ ಕೈ ತಂತಾನೇ ಕುತ್ತಿಗೆಗೆ ಹೋಗುತ್ತಿತ್ತು.

ಹೆಮ್ಮಾಡಿಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ. ಉಳಿದ ಚೂರುಪಾರನ್ನು ಎಲ್ಲಿಡುವುದೆಂದು ಕೇಳಲು ಕುಂಭಾಶಿಯಲ್ಲಿದ್ದ ಸೋದರಮಾವನ ಹತ್ತಿರ ಹೋದೆ. ಮಾವ ಮುಂಬೈಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ, ಅದನ್ನು ಮಾರಿ ಊರಿಗೆ ಬಂದವರು. ಅಲ್ಲಿನ ಗಿರಾಕಿಗಳಿಂದ ಷೇರಿನ ವ್ಯವಹಾರ ಕಲಿತಿದ್ದರು.

"ನಿನ್ನ ಗಂಡಂಗೆ ಬೋಟಂಗೆ ಪಾಲ್ ಇಲ್ದಾ? ಇದೂ ಹಾಂಗೇ, ಕಂಪನಿಯಂಗೆ ಪಾಲ್" ಅಂದರು. "ದರ ಏರ್ತಾ, ಇಳಿತಾ ಅಂದೇಳಿ ದಿನಾ ಕಾಂಬುಕಾಗ. ವರ್ಷ ವರ್ಷ ಪಾಲ್ ಕೊಡ್ತಾ? ದುಡಿದ್ ಕೊಡ್ತಾ, ಸಾಲ ಮಾಡಿ ಕೊಡ್ತಾ? ಅಷ್ಟ್ ಕಾಣ್, ಸಾಕ್."

ಕಂಪನಿಗಳು ಲಾಭಾಂಶ ಕೊಡುವುದು ಯಾವ ತಿಂಗಳಲ್ಲಿ ಎಂದು ಕೇಳಿದೆ. ವಾರ್ಷಿಕ ಸಭೆ ಮುಗಿದ ಮೇಲೆ, ಹೆಚ್ಚಿನವು ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದರು ಮಾವ. ನಮ್ಮ ಮನೆಯ ಒಲೆ ಹೊಗೆಯಾಡದ ತಿಂಗಳುಗಳೇ ಅವು. ಮಾವ ಹೇಳಿದ ಉಳಿದ ಮಾತುಗಳಲ್ಲಿ ಅರ್ಧ ನನಗೆ ಅರ್ಥವಾಗಿರಲಿಲ್ಲ. ಇದೊಂದು ಮಾತಿಗಾಗಿ ಮೊದಲ ಷೇರು ಕೊಂಡೆ.

"ಕಾಗ್ದಕ್ಕೆ ದುಡ್ಡ್ ಹಾಕೂದಾ? ಬೋಟಾರೆ ಕಣ್ಣೆದ್ರಿಗ್ ಇರತ್ತ್" ಎಂದು ಗಂಡ ಗೊಣಗಿದರು. ತಡೆಯಲಿಲ್ಲ.

ಮೊದಲ ವರ್ಷದ ಲಾಭಾಂಶದ ಚೆಕ್ಕು ಜಡಿಮಳೆಯಲ್ಲಿ ಅರ್ಧ ಒದ್ದೆಯಾಗಿ ಬಂತು. ಅದರಲ್ಲಿ ಒಂದು ಮೂಟೆ ಕುಚ್ಚಲಕ್ಕಿಯೂ ಬರುವಂತಿರಲಿಲ್ಲ. ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಕಡ್ಲಿಗ್ ಹೋಗ್ದೆ ಪಾಲ್ ಬಂತಾ?" ಎಂದು ಕೇಳಿ, ದೇವರ ಫೋಟೋದ ಮುಂದಿಟ್ಟು ಒಳಗೆ ಹೋದರು.

ವರ್ಷ ವರ್ಷ ಒಂದಿಷ್ಟು ಸೇರಿಸುತ್ತ ಹೋದೆ. ಬಂದ ಲಾಭಾಂಶದಲ್ಲೂ ಕೈಲಾದಾಗ ಮತ್ತೆ ಷೇರೇ ಕೊಂಡೆ. ಒಂದು ಮಳೆಗಾಲ ಸರ ಸೊಸೈಟಿಗೆ ಹೋಗದೆ ಮನೆಯಲ್ಲೇ ಉಳಿಯಿತು. ನೆಮ್ಮದಿ ಬರಬೇಕಿತ್ತು, ಬರಲಿಲ್ಲ. ಒಂದು ಕಂಪನಿ ಉಳಿದವಕ್ಕಿಂತ ಎರಡು ಪಟ್ಟು ಕೊಡುತ್ತದೆಂದು ಆಸೆಬಿದ್ದು ಕೊಂಡಿದ್ದೆ. ಅದು ಸಾಲದ ದುಡ್ಡಿನಲ್ಲೇ ಪಾಲು ಹಂಚುತ್ತಿತ್ತು ಎಂಬುದು ಕೊಡುವುದನ್ನು ನಿಲ್ಲಿಸಿದ ಮೇಲೆ ತಿಳಿಯಿತು. ಮಾವ ಬೈಯಲಿಲ್ಲ. "ನಾ ಎಂತ ಹೇಳಿದ್ದೆ?" ಎಂದಷ್ಟೇ ಕೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ೨೦೦೮ರಲ್ಲಿ ಟೀವಿಯ ತುಂಬ ಕೆಂಪು ಅಂಕೆಗಳು ಓಡತೊಡಗಿದಾಗ ನನಗೆ ಊಟ ಸೇರುತ್ತಿರಲಿಲ್ಲ. ಆದರೆ ಮರುವರ್ಷದ ಮಳೆಗಾಲದಲ್ಲಿ ಒಂದೆರಡು ಕಂಪನಿ ಬಿಟ್ಟು ಉಳಿದವೆಲ್ಲ ತಮ್ಮ ಪಾಲು ಕೊಟ್ಟವು. ಅದನ್ನು ನೋಡಿ ಸಂತೋಷಪಟ್ಟ ಮಾವ, ಮುಂದಿನ ವರ್ಷ ತೀರಿಕೊಂಡರು. ಆಮೇಲೆ ಕೇಳಲು ನನಗೆ ಯಾರೂ ಇರಲಿಲ್ಲ.

ನಾನು ಹೇಳಹೊರಟ ಸಂಗತಿ ನಡೆದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಮೀನುಗಾರಿಕೆ ನಿಲ್ಲುವುದಕ್ಕೆ ಕೆಲವೇ ದಿನ ಉಳಿದಿದ್ದವು. ಗಾಳಿ ಎದ್ದಿತ್ತು. ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ, ಮರಳಿನ ದಿಬ್ಬಕ್ಕೆ ತಾಗಿ ನಮ್ಮ ಬೋಟು ವಾಲಿತು. ಹಿಂದಿನಿಂದ ಬಂದ ತೆರೆ ಗಂಡನ ಸ್ನೇಹಿತರನ್ನು ಎತ್ತಿ ನೀರಿಗೆ ಹಾಕಿತು. ಹಗ್ಗ ಎಸೆದರೂ ಅವರ ಕೈಗೆ ಸಿಗಲಿಲ್ಲ. ಎರಡನೇ ಸಲ ಅವರು ನೀರಿನ ಕೆಳಗೆ ಹೋದಾಗ ನನ್ನ ಗಂಡ ಹಾರಿ ಅವರ ಕೂದಲು ಹಿಡಿದರಂತೆ. ಇಬ್ಬರನ್ನೂ ಬೋಟಿನಲ್ಲಿದ್ದ ಉಳಿದವರು ಎಳೆದುಕೊಂಡರು. ಬೋಟಿಗೆ ಹೆಚ್ಚಿನ ಪೆಟ್ಟಾಗಿರಲಿಲ್ಲ.

ಒಂದು ವಾರದ ಮೇಲೆ ಸ್ನೇಹಿತರು ನಮ್ಮ ಜಗಲಿಗೆ ಬಂದು ಕೂತರು. ಚಾ ಕೊಟ್ಟೆ.

"ನಾ ಇನ್ ಕಡ್ಲಿಗ್ ಬತ್ತಿಲ್ಲೆ ಮಾರಾಯ. ಕಣ್ಣ್ ಮುಚ್ಚೂಕ್ ಹೆದ್ರಿಕಿ ಆತ್ತ್. ನನ್ನ ಪಾಲ್ ನೀನೇ ತಕೋ" ಅಂದರು.

ಕಡಲಿಗೆ ಬಾ ಎಂದು ಗಂಡ ಒತ್ತಾಯ ಮಾಡುವ ಹಾಗಿರಲಿಲ್ಲ. ಆ ಅರ್ಧ ಪಾಲನ್ನು ಕೊಳ್ಳಲು ಹೊರಗಿನ ಒಬ್ಬ ವ್ಯಾಪಾರಿ ತಯಾರಿದ್ದ. ಆದರೆ ಗುರುತು ಪರಿಚಯ ಇಲ್ಲದವನ ಜೊತೆ ಬೋಟು ನಡೆಸುವುದು ಗಂಡನಿಗೆ ಬೇಡ. ತಾನೇ ಕೊಳ್ಳಲು ಕೈಯಲ್ಲಿ ಅಷ್ಟಿಲ್ಲ. ಸ್ನೇಹಿತರು ಹೋದ ಮೇಲೆ ಗಂಡ ಅಂಗಳದ ಮಳೆಯನ್ನೇ ನೋಡುತ್ತ ನಿಂತರು. ನನ್ನನ್ನು ಏನೂ ಕೇಳಲಿಲ್ಲ. ಕೇಳಲಿಲ್ಲ ಎಂಬುದೇ ನನಗೆ ಸಂಕಟವಾಯಿತು.

ಆ ದಿನಗಳಲ್ಲೇ ನನ್ನ ಕಂಪನಿಯೊಂದರಿಂದ ಅಂಚೆ ಬಂತು. ನನ್ನ ಹತ್ತಿರ ಅತಿ ಹೆಚ್ಚು ಷೇರುಗಳಿದ್ದದ್ದು ಅದರಲ್ಲೇ. ಒಂದು ಮಳೆಗಾಲವೂ ಪಾಲು ತಪ್ಪಿಸಿರಲಿಲ್ಲ. ತನ್ನ ಷೇರುಗಳನ್ನು ತಾನೇ ಮರಳಿ ಕೊಳ್ಳುತ್ತೇನೆ, ಪೇಟೆಯ ದರಕ್ಕಿಂತ ಹೆಚ್ಚು ಕೊಡುತ್ತೇನೆ, ಮನಸ್ಸಿದ್ದವರು ಕೊಡಬಹುದು ಎಂದು ಬರೆದಿತ್ತು. ತನ್ನದನ್ನೇ ತಾನು ಕೊಳ್ಳುವ ಕಂಪನಿ ಅಂಗಡಿ ಮುಚ್ಚಲು ಹೊರಟಿರಬೇಕು ಎಂದುಕೊಂಡೆ. ರಜೆ ಹಾಕಿ ಕುಂದಾಪುರದ ಷೇರು ಕಚೇರಿಗೆ ಹೋದೆ. ಅಲ್ಲಿ ಕೂರುತ್ತಿದ್ದವರು ನನಗಿಂತ ಚಿಕ್ಕವರು, ವ್ಯವಹಾರ ತಿಳಿದವರು.

"ಕಂಪನಿ ಮುಚ್ಚುಕೆ ಹೊರಟಿತ್ತಾ?" ಎಂದು ಕೇಳಿಯೇಬಿಟ್ಟೆ.

"ಇಲ್ಲ ಅಕ್ಕ. ಕೈಯಂಗೆ ದುಡ್ಡ್ ಹೆಚ್ಚಿತ್ತ್, ಸದ್ಯಕ್ಕೆ ಹೊಸ ಕಾರ್ಖಾನಿ ಕಟ್ಟೂದಿಲ್ಲ. ಹಾಂಗಾಯಿ ಪಾಲುದಾರ್ರಿಗೆ ವಾಪಸ್ ಕೊಡ್ತ್ರ್. ಡಿವಿಡೆಂಡಾರೆ ಎಲ್ರಿಗೂ ಚೂರ್ ಚೂರ್. ಇದಾರೆ ಬಿಟ್ಟ್ ಹೋಪರಿಗೆ ಮಾತ್ರ, ಒಟ್ಟಿಗೆ. ಉಳ್ದರಿಗೆ ಮುಂದೆ ಪಾಲ್ ದೊಡ್ದಾತ್ತ್."

"ಎಲ್ಲ ಕೊಟ್ರೆ ಎಲ್ಲ ತಕಂತ್ರಾ?"

"ಅದ್ ಈಗ ಹೇಳುಕಾತಿಲ್ಲ. ಕೊಡುವರ್ ಜಾಸ್ತಿ ಆರೆ ಒಬ್ಬೊಬ್ಬರ್ದ್ ಸ್ವಲ್ಪ ಸ್ವಲ್ಪ ತಕಂಡ್, ಉಳ್ದದ್ದ್ ನಿಮ್ಮ ಖಾತಿಗೆ ವಾಪಸ್ ಹಾಕ್ತ್ರ್."

ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಟಾರ್ಪಾಲಿನ ಸಂದಿಯಿಂದ ನೀರು ಹೊಡೆಯುತ್ತಿದ್ದರೂ ಸರಿದು ಕೂರಲು ತೋಚಲಿಲ್ಲ. ಕೊಟ್ಟರೆ ಗಂಡನ ಬೋಟು ಪರರ ಕೈಗೆ ಹೋಗದೆ ಉಳಿದೀತು. ಆದರೆ ಮುಂದಿನ ಮಳೆಗಾಲಕ್ಕೆ ನನ್ನ ಹತ್ತಿರ ಏನಿರುತ್ತದೆ? ಕೊಡದಿದ್ದರೆ, ಆ ಅಪರಿಚಿತ ವ್ಯಾಪಾರಿಯೊಂದಿಗೆ ಗಂಡ ದಿನವೂ ಜಗಳಾಡಿ ಮನೆಗೆ ಬರುವುದನ್ನು ನೋಡಬೇಕು.

ಊಟದ ಹೊತ್ತಿಗೆ ಎಲ್ಲ ಹೇಳಿದೆ. ಗಂಡ ಅನ್ನ ಕಲಸುವುದನ್ನು ನಿಲ್ಲಿಸಿದರು. "ಅದ್ ನಿನ್ನ ದುಡ್ಡ್. ನಾ ಬಾಯಿಬಿಟ್ಟ್ ಕೇಳೂದಿಲ್ಲ" ಅಂದರು.

"ನೀವ್ ಕೇಳುಕೆ ಮುಂಚೆ ನಾನೇ ಹೇಳ್ತಾ ಇದ್ದೆ ಅಲ್ದಾ" ಅಂದೆ.

ಅತ್ತೆ ಇಬ್ಬರನ್ನೂ ನೋಡಿದರು. "ಅವನೂ ಪಾಲ್ ಬಿಡ್ತ, ಈ ಹೆಣ್ಣೂ ಪಾಲ್ ಬಿಡತ್ತ್. ಬಿಟ್ಟರ್ ಮತ್ತೆ ದಡದಂಗೆ ನಿಂತ್ ಕಾಂಬುದೇ ಸೈ" ಅಂದರು. ಆ ಮಾತು ಇಬ್ಬರಿಗೂ ತಾಗಿತು.

ಎರಡು ದಿನ ಯೋಚಿಸಿ, ಆ ಕಂಪನಿಯ ಷೇರುಗಳನ್ನೆಲ್ಲ ಕೊಡುವುದೆಂದು ಹೇಳಿ ಸಹಿ ಹಾಕಿ ಬಂದೆ. ನೀರಿಗೆ ಹಾರುವ ಮೊದಲು ಗಂಡ ಲೆಕ್ಕ ಹಾಕಿರಲಿಲ್ಲ ಎಂಬುದು ಮನಸ್ಸಿನಲ್ಲಿತ್ತು. ಆದರೂ ಅದು ಧೈರ್ಯವೇನಲ್ಲ. ಕಚೇರಿಯ ಮೆಟ್ಟಿಲಿಳಿಯುವಾಗಲೇ ವಾಪಸು ಹೋಗಿ ಬೇಡ ಎನ್ನಲೇ ಎನಿಸಿತ್ತು.

ಆಮೇಲೆ ಕಾಯುವುದು. ಖಾತೆಯಲ್ಲಿ ನೋಡಿದರೆ ಆ ಷೇರುಗಳಿಲ್ಲ, ಬ್ಯಾಂಕಿನಲ್ಲಿ ನೋಡಿದರೆ ದುಡ್ಡೂ ಇಲ್ಲ. ಎರಡೂ ಕಡೆ ಖಾಲಿ. ಅಷ್ಟೂ ತೆಗೆದುಕೊಂಡುಬಿಟ್ಟರೆ ಎಂದು ಒಂದು ಭಯ, ಏನೂ ತೆಗೆದುಕೊಳ್ಳದಿದ್ದರೆ ಎಂದು ಇನ್ನೊಂದು. ಕಾರ್ಖಾನೆಯಲ್ಲಿ ಕೂಡಿಸಿದ್ದನ್ನೇ ಮತ್ತೆ ಮತ್ತೆ ಕೂಡಿಸುತ್ತಿದ್ದೆ. ಮೊಬೈಲ್ ಸದ್ದು ಮಾಡಿದರೆ ಸಾಕು, ಬೆಚ್ಚಿಬೀಳುತ್ತಿದ್ದೆ. ಇತ್ತ ಆ ವ್ಯಾಪಾರಿ ದಿನ ಬಿಟ್ಟು ದಿನ ಸ್ನೇಹಿತರ ಮನೆಗೆ ಹೋಗಿ ಬರುತ್ತಿದ್ದ ಸುದ್ದಿ ಕಿವಿಗೆ ಬೀಳುತ್ತಿತ್ತು. "ಆಗಸ್ಟಿನ್ ಒಳ್ಗೆ ತೀರ್ಮಾನ ಆಯ್ಕ್" ಎಂದು ಗಂಡ ಬಲೆಯ ಕಡೆ ನೋಡಿಕೊಂಡೇ ಹೇಳುತ್ತಿದ್ದರು.

ಜುಲೈ ಮುಗಿಯುತ್ತಿದ್ದಾಗ ಷೇರು ಕಚೇರಿಯವರ ಫೋನು ಬಂತು. ಕೊಡಲು ಮುಂದೆ ಬಂದವರು ಬಹಳ ಮಂದಿಯಂತೆ. ನಾನು ಕೊಟ್ಟದ್ದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ತೆಗೆದುಕೊಂಡು, ಉಳಿದದ್ದನ್ನು ಹಿಂದಕ್ಕೆ ಹಾಕಿದ್ದರು. ಮೊದಲು ಎದೆ ಹಗುರವಾಯಿತು. ಮರುಕ್ಷಣವೇ ಗಂಡನ ಮುಖ ಕಣ್ಣ ಮುಂದೆ ಬಂತು. ಈ ದುಡ್ಡಿನಲ್ಲಿ ಸ್ನೇಹಿತರ ಪಾಲಿನ ಅರ್ಧ ಮಾತ್ರ ಬರುತ್ತದೆ.

ಸಂಜೆ ಹೇಳಿದಾಗ ಅವರು ಗೋಡೆಗೊರಗಿ ಕೂತರು. ಸಿಟ್ಟು ಮಾಡಲಿಲ್ಲ. ಕೊಡೆ ತೆಗೆದುಕೊಂಡು ಸ್ನೇಹಿತರ ಮನೆಗೆ ಹೋದರು. ಹೋದವರು ಬರಲು ತಡವಾದಷ್ಟೂ ಬಾಗಿಲಿಗೆ ಹೋಗಿ ಹೋಗಿ ನೋಡಿದೆ. ಅಷ್ಟು ವರ್ಷದ ಗೆಳೆತನ ಇದರಲ್ಲೇ ಮುರಿಯಿತೇ ಎಂದು. ಬರುವಾಗ ಸ್ನೇಹಿತರೂ ಜೊತೆಗಿದ್ದರು.

"ಹ್ವಾಯ್, ನೀವ್ ಎಂತಕ್ಕೆ ಮಂಡಿಬಿಸಿ ಮಾಡ್ಕಂತ್ರಿ?" ಎಂದು ಅಂಗಳದಿಂದಲೇ ಕೂಗಿದರು. ಒಳಗೆ ಬಂದು ಕೂತ ಮೇಲೆ ದನಿ ತಗ್ಗಿಸಿದರು. "ಅರ್ಧ ಸಾಕ್. ಉಳ್ದದ್ದ್ ನನ್ನ ಹೆಸ್ರಂಗೇ ಇರ್ಲಿ. ಪೂರಾ ಬಿಟ್ಟ್ ನಾ ಎಂತ ಮಾಡೂದ್? ಅದನ್ನೇ ಎಣಿಸ್ಕಂಡ್ ನಂಗೂ ನಿದ್ರಿ ಇಲ್ಲ. ಬಲೆ, ಡೀಸೆಲ್, ಐಸ್ ಎಲ್ಲ ದಡದಂಗೆ ನಾ ಕಾಂತೆ. ಕಡ್ಲಿಗ್ ಮಾತ್ರ ಕರೀಬ್ಯಾಡಿ."

ಗಂಡ ಅವರ ಬೆನ್ನ ಮೇಲೆ ಕೈಯಿಟ್ಟರು. ಇಬ್ಬರ ಕಣ್ಣಲ್ಲೂ ನೀರಿತ್ತು. ನಾನು ಒಳಗೆ ಹೋಗಿ ಚಾಕ್ಕೆ ನೀರಿಟ್ಟೆ.

ಆಗಸ್ಟಿನಲ್ಲಿ ಬೋಟು ಹೊರಟ ದಿನ ಸ್ನೇಹಿತರು ದಡದಲ್ಲಿ ಅಳಿವೆಯ ಕಡೆಗೆ ಬೆನ್ನು ಹಾಕಿ ನಿಂತಿದ್ದರು. "ದಾಟ್ತಾ?" ಎಂದು ನನ್ನನ್ನು ಎರಡು ಸಲ ಕೇಳಿದರು. ದಾಟಿತು ಎಂದ ಮೇಲೆಯೇ ತಿರುಗಿ ನೋಡಿದ್ದು.

ಆ ವರ್ಷ ಮೀನು ಅಷ್ಟಕ್ಕಷ್ಟೆ. ಕಂಪನಿಯ ಷೇರುಗಳ ಸಂಖ್ಯೆ ತಗ್ಗಿದ್ದರಿಂದಲೋ ಲಾಭ ಏರಿದ್ದರಿಂದಲೋ, ನನ್ನಲ್ಲಿ ಉಳಿದ ಷೇರುಗಳಿಗೆ ಮುಂದಿನ ಮಳೆಗಾಲ ತುಸು ಹೆಚ್ಚು ಪಾಲು ಬಂತು. ಆದರೂ ಒಟ್ಟಿನಲ್ಲಿ ಮೊದಲಿನಷ್ಟಲ್ಲ. ಷೇರಿನ ದರ ನಾನು ಮಾರಿದ ದರಕ್ಕಿಂತ ಮೇಲೆ ಹೋಯಿತು, ಮತ್ತೆ ಇಳಿಯಿತು. ಒಂದೆರಡು ವರ್ಷದಲ್ಲಿ ಅದೇ ಕಂಪನಿ ಮತ್ತೊಮ್ಮೆ ಷೇರು ಮರಳಿ ಕೊಳ್ಳಲು ಬಂತು. ಗಂಡ ನನ್ನ ಮುಖ ನೋಡಿದರು. ಈ ಸಲ ಬೇಡ ಅಂದೆ. ಸರಿಯೋ ತಪ್ಪೋ ಎಂದು ವಾರಗಟ್ಟಲೆ ಕೊರೆಯಿತು.

ಆ ಮಳೆಗಾಲದ ಲಾಭಾಂಶದಲ್ಲಿ ಅತ್ತೆಯ ಒಂದು ಕಣ್ಣಿನ ಪೊರೆ ತೆಗೆಸಿದೆವು. ಬ್ರಹ್ಮಾವರದಲ್ಲಿ ಪಟ್ಟಿ ಬಿಚ್ಚಿಸಿಕೊಂಡು ರಿಕ್ಷಾದಲ್ಲಿ ಕೂತ ಮೇಲೆ ಅವರು ರಸ್ತೆಬದಿಯ ಅಂಗಡಿಗಳನ್ನೆಲ್ಲ ನೋಡುತ್ತ ಕೇಳಿದರು.

"ಇದ್ ಬೋಟಿನ್ ದುಡ್ಡಾ, ನಿನ್ನ ಕಂಪನಿ ದುಡ್ಡಾ ಹೆಣೆ?"

"ಕಂಪನಿದ್ ಅತ್ತೆ."

"ಹಾಂಗಾರೆ ಬಪ್ಪ ವರ್ಷ ಇನ್ನೊಂದ್ ಕಣ್ಣೂ ಮಾಡ್ಸ್."

ಬರುವ ವರ್ಷ ಯಾವ ಕಂಪನಿ ಕೊಡುತ್ತದೋ, ಯಾವುದು ನಿಲ್ಲಿಸುತ್ತದೋ ನನಗೇನು ಗೊತ್ತು. ಆಯ್ತ್ ಅತ್ತೆ, ಮಾಡಿಸುವ ಅಂದೆ.