ಹತ್ತಿರದವರು ಯಾರ್ಯಾರು?

ಒಂದು ತಿಂಗಳ ಹಿಂದಿನ ಮಾತು. ಬೆಳಿಗ್ಗೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಚಹಾ ಸೋಸುತ್ತಿದ್ದೆ. ಫೋನ್ ಬಂತು. ಗೊತ್ತಿಲ್ಲದ ನಂಬರು.

"ನೀವು ನೀಲವ್ವನ ಅಕ್ಕ ಏನ್ರಿ?"

ನನಗೆ ತಂಗಿಯೇ ಇಲ್ಲ. ಅಣ್ಣಂದಿರು ಇಬ್ಬರಿದ್ದಾರೆ, ಅವರು ದೀಪಾವಳಿಗೂ ಫೋನ್ ಮಾಡುವವರಲ್ಲ. (ಅದನ್ನು ಬಿಡಿಸಿ ಬರೆದರೆ ಅತ್ತಿಗೆಯರು ಈ ಅಂಕಣ ಬರುವ ಪೇಪರನ್ನೇ ನಿಲ್ಲಿಸುತ್ತಾರೆ.) ಒಟಿಪಿ ಕೇಳುವವರ ಹೊಸ ವರಸೆ ಇರಬೇಕೆಂದುಕೊಂಡು ಗಡುಸಾಗಿಯೇ ಕೇಳಿದೆ: "ಯಾವ ನೀಲವ್ವ?"

ಹಾಗೆ ಕೇಳಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅತ್ತ ಕಡೆ ಇದ್ದವರು ರಾಮದುರ್ಗ ತಾಲ್ಲೂಕಿನಲ್ಲಿ ಕ್ಷಯರೋಗದ ಕೆಲಸ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತರು, ಮುಲ್ಲಾ ಅಂತ. ನೀಲವ್ವ ಅಂದರೆ ನಾನು ಮೊದಲು ಪಾಠ ಮಾಡುತ್ತಿದ್ದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. (ಹಳ್ಳಿಯ ಹೆಸರು ಬರೆಯುವುದಿಲ್ಲ. ನೀಲವ್ವ ಅನ್ನುವುದೂ ಅವಳ ನಿಜವಾದ ಹೆಸರಲ್ಲ. ಸುರೇಬಾನದ ಬಸ್ಸು ಹತ್ತಿ ನಡುವೆ ಇಳಿಯಬೇಕು, ಅಷ್ಟು ಗೊತ್ತಾದರೆ ಸಾಕು.) ಅವಳಿಗೆ ಟಿ.ಬಿ. ಆಗಿದೆ, ಔಷಧ ಶುರುವಾಗಿದೆ ಅಂದರು. ರೋಗಿಯ ಜೊತೆಗಿದ್ದವರನ್ನು ಹುಡುಕಿ ಪರೀಕ್ಷೆ ಮಾಡುವುದು ಈಗಿನ ಪದ್ಧತಿ. ಅದಕ್ಕೊಂದು ಲಿಸ್ಟ್ ಬೇಕು. ಮುಲ್ಲಾ ಅವರು ನೀಲವ್ವನನ್ನು ಕೇಳಿದ್ದು ಇಷ್ಟೇ, ನಿನಗೆ ಹತ್ತಿರದವರು ಯಾರ್ಯಾರು?

ಅವಳು ಮೂರು ಜನರನ್ನು ಹೇಳಿದ್ದಳು. ಗಂಡ, ಮಗಳು, ಆಮೇಲೆ "ನಮ್ಮ ಅಕ್ಕೋರು".

ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಅನ್ನುತ್ತಾರೆ. ಮುಲ್ಲಾ ಅವರಿಗೂ ಇದು ಗೊತ್ತು. ಆದರೆ ಗಂಡ, ಮಗಳು ಆದ ಮೇಲೆ ಬಂದ ಹೆಸರಲ್ಲವೇ? ಸಂಬಂಧ ಅನ್ನುವ ಕಾಲಂನಲ್ಲಿ 'ಅಕ್ಕ' ಅಂತ ಬರೆದುಕೊಂಡುಬಿಟ್ಟಿದ್ದರು.

ಕಡೆಯ ಸಲ ಯಾವಾಗ ಭೇಟಿಯಾಗಿದ್ದಿರಿ ಅಂತ ಕೇಳಿದರು. ನಾನು ಬೆರಳು ಮಡಚಿ ಎಣಿಸಿದೆ. ಒಂದು ಕೈ ಸಾಲಲಿಲ್ಲ. ಆರು ವರ್ಷ.

ಅವರು ನಕ್ಕರು. ಕೆಟ್ಟ ನಗುವಲ್ಲ. "ಹಂಗಾರ ನಿಮ್ಮ ಹೆಸರು ತಗದ ಬಿಡತೇನ್ರಿ ಮೇಡಂ. ನಾವು ಕೇಳೂದು ಒಂದ ಮನ್ಯಾಗ ಇರೋವ್ರು, ಜೋಡಿ ತಾಸಗಟ್ಲೆ ಕೂಡೋವ್ರು. ಆಕಿ ಹತ್ತರದವ್ರು ಅಂದ್ರ ಬ್ಯಾರೇನ ತಿಳಕೊಂಡಾಳ."

ತಪ್ಪು ಯಾರದು? ಅವರು ಒಂದೇ ಗಾಳಿ ಉಸಿರಾಡುವವರನ್ನು ಕೇಳಿದರು. ಅವಳು ಮನಸ್ಸಿನಲ್ಲಿದ್ದವರನ್ನು ಹೇಳಿದಳು. ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಿದ್ದರೆ ಅವಳೇನು ಮಾಡಬೇಕು?

ಅಂತೂ ನನ್ನ ಹೆಸರಿಗೆ ಅಡ್ಡಗೆರೆ ಬಿತ್ತು. ಪರೀಕ್ಷೆ ಇಲ್ಲ, ಗುಳಿಗೆ ಇಲ್ಲ. ಸಮಾಧಾನವಾಗಬೇಕಿತ್ತಲ್ಲವೇ? ಆಗಲಿಲ್ಲ. ನನ್ನನ್ನು ಯಾರೋ ಮನೆಯಿಂದ ಹೊರಗೆ ಕಳಿಸಿದ ಹಾಗಾಯಿತು. ಚಹಾ ಆರುವ ತನಕ ಅಡುಗೆಮನೆಯಲ್ಲೇ ನಿಂತಿದ್ದೆ.

ಆ ಶಾಲೆಯಲ್ಲಿ ನಾನು ಎಂಟು ವರ್ಷ ಇದ್ದೆ. ಮಕ್ಕಳ ಊಟ ಮುಗಿದು, ದೊಡ್ಡ ಪಾತ್ರೆಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ, ನೀಲವ್ವ ಅಡುಗೆ ಕೋಣೆಯ ಬಾಗಿಲಿಗೆ ಬಂದು ಒಮ್ಮೆ ಕೆಮ್ಮುತ್ತಿದ್ದಳು. ಹೆಡ್‌ಮಾಸ್ತರರ ಎದುರು ಕೂಗಿ ಕರೆಯಲು ಸಂಕೋಚ. (ಆಗಿನದು ಬರೀ ಕರೆಯುವ ಕೆಮ್ಮು.) ನಾನು ಎದ್ದು ಹೋಗುತ್ತಿದ್ದೆ. ಒಂದು ಸ್ಟೀಲಿನ ತಾಟು. ಅದರಲ್ಲಿ ಅವಳು ಮನೆಯಿಂದ ತಂದ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ಹಸಿ ಎಣ್ಣೆ, ಪಕ್ಕದಲ್ಲಿ ಗುದ್ದಿ ಒಡೆದ ಉಳ್ಳಾಗಡ್ಡಿ. ಇಬ್ಬರೂ ಆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅವಳ ಮಗಳ ಓದು, ನನ್ನ ಅತ್ತೆಯ ಗೊಣಗಾಟ, ಎಲ್ಲ ಅಲ್ಲೇ ವಿಚಾರಣೆಯಾಗುತ್ತಿತ್ತು. ನಗು ಹೆಚ್ಚಾದರೆ ಹೆಡ್‌ಮಾಸ್ತರರು ತಮ್ಮ ಕೋಣೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಟ್ರಾನ್ಸ್‌ಫರ್ ಸಿಕ್ಕಿತು. ನಾನೇ ಕೇಳಿ ತೆಗೆದುಕೊಂಡದ್ದು. ತಿಂಗಳಿಗೊಮ್ಮೆ ಬರುತ್ತೇನೆ ಅಂದಿದ್ದೆ. ನೀವೂ ಯಾರಿಗಾದರೂ ಹಾಗೆ ಅಂದಿರುತ್ತೀರಿ. ಸವದತ್ತಿಯಲ್ಲಿ ಬಸ್ಸು ಬದಲಿಸಿದರೆ ಒಂದು ಹೊತ್ತಿನ ದಾರಿ, ಅಷ್ಟೇ. ಕಿತ್ತೂರಿಗೆ ಮದುವೆಗೆ ಹೋದೆ, ಸಂಗೊಳ್ಳಿಗೆ ಬಸುರಿಯ ಕುಬಸಕ್ಕೆ ಹೋದೆ, ಕರೆದವರ ಮನೆಗೆಲ್ಲ ಹೋದೆ. ಅವಳು ಕರೆಯಲಿಲ್ಲ, ನಾನು ಹೋಗಲಿಲ್ಲ. ಜಗಳವಾದರೂ ಆಗಿದ್ದರೆ ಹೇಳಿಕೊಳ್ಳಲು ಒಂದು ಕಾರಣವಿರುತ್ತಿತ್ತು.

ಆ ವಾರವೆಲ್ಲ ಅವಳದೇ ನೆನಪು. ಊಟಕ್ಕೆ ಕುಳಿತಾಗ ನೆನಪು. ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಡಬ್ಬಿ ಬಿಚ್ಚಿಕೊಂಡು ಮೊಬೈಲು ನೋಡುತ್ತ ಉಣ್ಣುವಾಗ ನೆನಪು. ಅವಳನ್ನು ನೋಡಬೇಕು ಅಂತ ಜೀವ ಎಳೆಯಿತು. ಹೋದೆನಾ? ಇಲ್ಲ. ಓದಲು ಕುಳಿತೆ. (ಅಂಜಿಕೆಯಾದಾಗ ಓದುವುದು ನಮ್ಮ ಶಿಕ್ಷಕರ ಹಳೆಯ ಚಟ.)

ಓದಿದ್ದು ಕಡಿಮೆಯೇನಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯಲ್ಲಿ ಈ ರೋಗದ ಹೆಸರನ್ನೇ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈಗ ನೋಡಿ. ಕೈಯಲ್ಲಿ ಹಿಡಿದು ಹಳ್ಳಿಗೆ ಒಯ್ಯುವಷ್ಟು ಸಣ್ಣ ಎಕ್ಸ್‌ರೇ ಯಂತ್ರ ಬಂದಿದೆ. ಅದು ತೆಗೆದ ಚಿತ್ರವನ್ನು ಕಂಪ್ಯೂಟರೇ ಓದಿ, ಇವರನ್ನು ಇನ್ನೊಮ್ಮೆ ಪರೀಕ್ಷಿಸಿ ಅನ್ನುತ್ತದೆ. ಕಫದಲ್ಲಿ ರೋಗಾಣುವಿನ ವಂಶವಾಹಿಯನ್ನು ಹುಡುಕಿ, ಅದು ಮುಖ್ಯ ಔಷಧಕ್ಕೆ ಬಗ್ಗುವ ಜಾತಿಯದೋ ಅಲ್ಲವೋ ಅಂತ ಕೆಲವೇ ತಾಸುಗಳಲ್ಲಿ ಹೇಳುವ ಪರೀಕ್ಷೆ ಇದೆ. ಕಫ ಬಾರದವರಿಗೆ ನಾಲಿಗೆಯ ಮೇಲೆ ಹತ್ತಿಕಡ್ಡಿ ಆಡಿಸಿಯೇ ರೋಗ ಪತ್ತೆ ಮಾಡುವ ದಾರಿಯನ್ನು ಸಂಶೋಧಕರು ಹದಗೊಳಿಸುತ್ತಿದ್ದಾರೆ. ಔಷಧಕ್ಕೆ ಬಗ್ಗದ ಟಿ.ಬಿ.ಗೆ ಹಿಂದೆ ವರ್ಷ, ಒಂದೂವರೆ ವರ್ಷ ಗುಳಿಗೆ, ಜೊತೆಗೆ ಕಿವಿ ಕೆಡಿಸುವ ಇಂಜೆಕ್ಷನ್. ಈಗ ಅಂಥವರಲ್ಲಿ ಬಹಳ ಜನಕ್ಕೆ ಆರು ತಿಂಗಳ ಗುಳಿಗೆಯಲ್ಲೇ ಮುಗಿಯುತ್ತದೆ.

ತಡೆಯುವ ಕಡೆಗೂ ಹೊಸ ಸುದ್ದಿಗಳಿವೆ. ರೋಗಾಣು ಹೊಕ್ಕವರಿಗೆಲ್ಲ ರೋಗ ಬರುವುದಿಲ್ಲವಂತೆ. ಅದು ವರ್ಷಗಟ್ಟಲೆ ಒಳಗೇ ಮಲಗಿರಬಹುದು. (ಇಲ್ಲಿ ನಾನೊಂದು ಹೋಲಿಕೆ ಕೊಡುತ್ತೇನೆ ಅಂತ ಕಾಯುತ್ತಿದ್ದೀರಿ. ಕೊಡುವುದಿಲ್ಲ.) ಅದು ಏಳುವ ಮೊದಲೇ ಮುಗಿಸಲು ಮನೆಯವರಿಗೆ ವಾರಕ್ಕೊಮ್ಮೆ, ಹನ್ನೆರಡು ವಾರ ಗುಳಿಗೆ ಕೊಡುವ ಕ್ರಮ ಬಂದಿದೆ. ನಮ್ಮೆಲ್ಲರ ತೋಳಿನ ಮೇಲಿರುವ ಬಿಸಿಜಿ ಗುರುತು ಚಿಕ್ಕ ಮಕ್ಕಳನ್ನು ಕಾಯುತ್ತದೆ, ದೊಡ್ಡವರಿಗೆ ಅಷ್ಟಾಗಿ ಸಾಲದು. ಅವರಿಗಾಗಿ ಹೊಸ ಲಸಿಕೆ ಪ್ರಯೋಗದಲ್ಲಿದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಮ್ಮ ದೇಶದಲ್ಲೇ ಕಂಡುಕೊಂಡ ಒಂದು ಸಂಗತಿ. ರೋಗಿಗೂ ಮನೆಯವರಿಗೂ ಹೊಟ್ಟೆ ತುಂಬ ಒಳ್ಳೆಯ ಊಟ ಸಿಕ್ಕರೆ ರೋಗಿ ಬೇಗ ಚೇತರಿಸಿಕೊಳ್ಳುತ್ತಾರೆ, ಮನೆಯವರಿಗೆ ರೋಗ ಬರುವುದೂ ಎಷ್ಟೋ ಕಡಿಮೆಯಾಗುತ್ತದೆ. ಮೊದಲ ಒಂದೆರಡು ತಿಂಗಳಲ್ಲಿ ರೋಗಿಯ ತೂಕ ಏರುವುದು ಬಹಳ ಮುಖ್ಯವಂತೆ.

ಒಂದು ವಿಷಯವನ್ನು ಮಾತ್ರ ಎರಡೆರಡು ಸಲ ಓದಿದೆ. ಸರಿಯಾದ ಔಷಧ ಶುರುವಾದ ಮೇಲೆ ರೋಗ ಹರಡುವುದು ಬೇಗ ಇಳಿದುಬಿಡುತ್ತದೆ, ಸಾಮಾನ್ಯವಾಗಿ ಎರಡು ವಾರ ಸಾಕು. ಹರಡುವುದೂ ಗಾಳಿಯಿಂದ. ತಾಟು, ಲೋಟದಿಂದ ಅಲ್ಲವೇ ಅಲ್ಲ.

ಎರಡು ವಾರ ಸಾಕಂತೆ. ನಾನು ಕ್ಯಾಲೆಂಡರ್ ನೋಡಿ ಮೂರು ಹಾಕಿಕೊಂಡೆ.

ಮೂರನೆಯ ವಾರ ಮುಗಿಯುತ್ತಿದ್ದಂತೆ ಮುಲ್ಲಾ ಅವರಿಗೆ ನಾನೇ ಫೋನ್ ಮಾಡಿದೆ. ಹೋಗಬಹುದಾ ಅಂತ ಕೇಳಿದೆ. ಧಾರಾಳವಾಗಿ ಹೋಗಿ ಅಂದರು. ಇನ್ನೊಂದು ಮಾತನ್ನೂ ಸೇರಿಸಿದರು (ಹೇಳಬಾರದಿತ್ತೇನೋ, ಹೇಳಿದರು). "ಗುಳಿಗಿ ಒಂದೂ ತಪ್ಪಸೂದಿಲ್ರಿ ಆಕಿ. ಆದ್ರ ತೂಕ ಏರವಲ್ದು. ಕಾಳು, ಬ್ಯಾಳಿ ಎಲ್ಲಾ ಐತಿ ಮನ್ಯಾಗ. ಉಣ್ಣಾಕ ಒಲ್ಲೆ ಅಂತಾಳ. ಹಿಂಗ ಆದ್ರ ಕಷ್ಟ ಐತಿ ಅಂತ ಡಾಕ್ಟರ್ ಅನ್ನಾಕತ್ತಾರ."

ಆ ಮಾತು ಕೇಳಿದ ಮೇಲೆ ಕೂಡಲು ಆಗಲಿಲ್ಲ. ರವಿವಾರ ಬೆಳಿಗ್ಗೆ ಶೇಂಗಾ ಉಂಡಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಪರ್ಸಿನಲ್ಲಿ ಒಂದು ಮಾಸ್ಕ್ ಇತ್ತು. ಊರು ಹತ್ತಿರ ಬಂದಾಗ ಹಾಕಿಕೊಂಡೆ. ಬಸ್ಸಿನಿಂದ ಇಳಿದ ಮೇಲೆ, ಛೇ, ಅವಳಿಗೆ ಏನನ್ನಿಸೀತು ಅಂತ ತೆಗೆದು ಒಳಗಿಟ್ಟೆ. ಹಾಗೆ ತೆಗೆದದ್ದಕ್ಕೆ ನನ್ನ ಮೇಲೆ ನನಗೇ ಹೆಮ್ಮೆಯಾಯಿತು.

ಅವಳು ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ಗುರುತು ಹಿಡಿಯಲು ಒಂದು ಗಳಿಗೆ ತಡವಾಯಿತು. ನೂರಾರು ಮಕ್ಕಳಿಗೆ ಅನ್ನ ಬಸಿಯುತ್ತಿದ್ದ ಆ ತೋಳುಗಳು ಎಲ್ಲಿ ಹೋದವು? ಕೈಯೆತ್ತಿದರೆ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ನನ್ನನ್ನು ಕಂಡವಳೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕಟ್ಟೆಯ ಇನ್ನೊಂದು ತುದಿಯನ್ನು ತೋರಿಸಿದಳು.

"ಅಲ್ಲೇ ಕುಂದರ್ರಿ ಅಕ್ಕೋರ. ಗಾಳಿ ಆ ಕಡಿಂದ ಈ ಕಡಿ ಬೀಸತೈತಿ."

ಗಾಳಿಯ ದಿಕ್ಕನ್ನೂ ನೋಡಿಟ್ಟುಕೊಂಡು ಕೂರುತ್ತಿದ್ದಳು. ನಾನು ಹತ್ತಿರ ಸರಿದು ಕುಳಿತೆ.

ಮೊದಲು ಹೇಳಿದ್ದು ಮಕ್ಕಳ ಸುದ್ದಿ. ಶಾಲೆಯ ಹುಡುಗರನ್ನೆಲ್ಲ ಪರೀಕ್ಷೆ ಮಾಡಿದ್ದಾರೆ, ಯಾರಿಗೂ ಏನೂ ಇಲ್ಲ. ಅದನ್ನು ಹೇಳಿ ಉಸಿರುಬಿಟ್ಟಳು. ಆಮೇಲೆ ತನ್ನ ಕಥೆ. ಮೊದಲ ಸಲ ಕಫ ಪರೀಕ್ಷೆಗೆ ಡಬ್ಬಿ ಕೊಟ್ಟಾಗ, ಡಾಕ್ಟರ ಎದುರು ಹೊಲಸು ಹೇಗೆ ಇಡುವುದು ಅಂತ ಇವಳಿಗೆ ಸಂಕೋಚ. ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಕಫದ ಬದಲು ಸ್ವಚ್ಛವಾದ ಉಗುಳನ್ನು ತುಂಬಿ ಕೊಟ್ಟು ಬಂದಿದ್ದಳಂತೆ. ರಿಪೋರ್ಟಿನಲ್ಲಿ ಏನೂ ಇಲ್ಲ ಅಂತ ಬಂತು. ಕೆಲವು ವಾರ ಹಾಗೇ ಹೋದವು. ಊರಿಗೆ ಎಕ್ಸ್‌ರೇ ಯಂತ್ರ ಬಂದಾಗಲೇ ಸಿಕ್ಕಿಬಿದ್ದದ್ದು. ಇಬ್ಬರೂ ನಕ್ಕೆವು, ಹಳೆಯ ನಗು. ನಡುವೆ ಅವಳಿಗೆ ಕೆಮ್ಮು ಬಂತು, ತಿರುಗಿ ಗೋಡೆಯ ಕಡೆ ಕೆಮ್ಮಿದಳು.

ನನ್ನ ಹೆಸರು ಯಾಕೆ ಬರೆಸಿದೆ ಅಂತ ಕೇಳಿದೆ. ಅವಳಿಗೆ ಇದೂ ಒಂದು ಪ್ರಶ್ನೆಯಾ ಅನ್ನಿಸಿರಬೇಕು.

"ಹತ್ತರದವ್ರ ಹೆಸರ ಹೇಳು ಅಂದ್ರು. ನಿಮ್ಮ ಹೆಸರ ಬಾಯಾಗ ಬಂತು, ಹೇಳಿಬಿಟ್ನಿ. ಆಮ್ಯಾಲೆ ಮಗಳು ಬೈದ್ಲು, ಅವರಿಗ್ಯಾಕ ತ್ರಾಸ ಕೊಡ್ತಿ ಅಂತ."

ಆರು ವರ್ಷದ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಉಣ್ಣುತ್ತಿಲ್ಲ ಅಂತ ಟೀಚರ ದನಿಯಲ್ಲೇ ಗದರಿದೆ. ಅವಳು ಸೆರಗಿನ ಅಂಚನ್ನು ಸುತ್ತುತ್ತ ಒಂದೊಂದೇ ಹೇಳಿದಳು. ಗಂಡ ಟ್ರ್ಯಾಕ್ಟರ್ ಮೇಲೆ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಾನೆ. ಮಗಳು ಸವಿತಾಗೆ ರಾಮದುರ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ, ರವಿವಾರ ಒಂದೇ ರಜೆ. ಮೊದಲು ಬಂದು ಕೂರುತ್ತಿದ್ದ ಹೆಂಗಸರು ಈಗ ರಸ್ತೆಯಲ್ಲೇ ನಿಂತು ಆರಾಮ ಅದೀಯಾ ಅಂತ ಕೇಳಿ ಮುಂದೆ ಹೋಗುತ್ತಾರೆ. ಅಡುಗೆ ಕೆಲಸಕ್ಕೆ ಈಗ ಬೇರೆಯವರು ಬಂದಿದ್ದಾರೆ. ತಾಟು ಬೇರೆ ಮಾಡಬೇಕಿಲ್ಲ ಅಂತ ಡಾಕ್ಟರು ಹೇಳಿದರೂ, ಇವಳೇ ಮಗಳ ನೇಲ್ ಪಾಲಿಶ್ ತೆಗೆದುಕೊಂಡು ತನ್ನ ತಾಟಿಗೆ ಕೆಂಪು ಚುಕ್ಕೆ ಇಟ್ಟುಕೊಂಡಿದ್ದಾಳೆ.

"ಗುಳಿಗಿ ನುಂಗೂದು ತ್ರಾಸಿಲ್ರಿ," ಅಂದಳು. "ಒಬ್ಬಾಕೀನ ಕುಂತು ಉಣ್ಣೂದು ಆಗವಲ್ದು. ಅರ್ಧ ರೊಟ್ಟಿಗೇ ಹೊಟ್ಟಿ ತುಂಬಿದಂಗ ಆಗತೈತಿ."

ನಾನು ಓದಿದ ಯಾವ ಲೇಖನದಲ್ಲೂ ಇದು ಇರಲಿಲ್ಲ. ಜೋಳ, ಬೇಳೆ, ಎಣ್ಣೆ ಎಷ್ಟೆಷ್ಟು ಕೊಡಬೇಕು ಅಂತ ಇತ್ತು. ಪಕ್ಕದಲ್ಲಿ ಯಾರು ಕೂರಬೇಕು ಅಂತ ಇರಲಿಲ್ಲ.

ಮಧ್ಯಾಹ್ನವಾಯಿತು. ಸವಿತಾ ಒಳಗಿನಿಂದ ತಾಯಿಯ ತಾಟು ತಂದಿಟ್ಟಳು. ಎರಡು ರೊಟ್ಟಿ, ಪುಂಡಿಪಲ್ಯ, ಮೊಸರು. ನನ್ನ ತಾಟು ತರಲು ತಿರುಗಿದಳು. ನೀಲವ್ವ ಆಗ ಹೆಡ್‌ಮಾಸ್ತರರ ದನಿಯನ್ನು ಅಣಕಿಸುತ್ತ ಮಾತಾಡುತ್ತಿದ್ದಳು. ಸೆರಗು ಬಾಯಿಯಿಂದ ಜಾರಿತ್ತು, ಮುಖದಲ್ಲಿ ಹಳೆಯ ಕಳೆ ಬಂದಿತ್ತು. ಮಾತಿನ ಭರದಲ್ಲಿ, ತನಗೇ ಗೊತ್ತಿಲ್ಲದೆ, ಆ ತಾಟನ್ನು ನಮ್ಮಿಬ್ಬರ ನಡುವೆ ಸರಿಸಿದಳು.

ನನ್ನ ಕೈ ಮುಂದೆ ಹೋಗಲಿಲ್ಲ.

ಎಷ್ಟು ಹೊತ್ತು? ಒಂದು ಉಸಿರಿನಷ್ಟು ಹೊತ್ತು. ಮುಂದಿನ ಉಸಿರಿಗೆ ಹೋಗುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ. ಆದರೆ ಪಂಕ್ತಿಯಲ್ಲಿ ಕುಳಿತ ಮಕ್ಕಳ ಮುಖ ನೋಡಿಯೇ ಯಾರಿಗೆ ಇನ್ನೊಂದು ಸೌಟು ಬೇಕು ಅಂತ ತಿಳಿಯುತ್ತಿದ್ದವಳು ಅವಳು. ಅವಳಿಗೆ ಒಂದು ಉಸಿರು ಸಾಕಾಯಿತು. ಮಾತು ನಿಲ್ಲಿಸದೆ ತಾಟನ್ನು ತನ್ನ ಕಡೆಗೆ ಎಳೆದುಕೊಂಡು, ಅಕ್ಕೋರ ತಾಟು ಲಗೂನ ತಗೊಂಬಾ ಅಂತ ಮಗಳಿಗೆ ಹೇಳಿದಳು.

ಬೇಡ, ಇದರಲ್ಲೇ ಉಣ್ಣುತ್ತೇನೆ ಅಂದೆ. ಎರಡು ಸಲ ಅಂದೆ. ಇರಲಿ ಬಿಡ್ರಿ ಅಂದಳು, ನಗುತ್ತಲೇ. ಅವಳು ಒಂದೂವರೆ ರೊಟ್ಟಿ ಉಂಡಳು, ಒಂದು ಉಂಡಿಯನ್ನೂ ತಿಂದಳು. ಇಷ್ಟು ಉಂಡದ್ದನ್ನು ಈಚೆಗೆ ನೋಡಿರಲಿಲ್ಲ ಅಂತ ಸವಿತಾ ಬಾಗಿಲಲ್ಲಿ ನಿಂತು ನನಗೆ ಮೆಲ್ಲಗೆ ಹೇಳಿದಳು. ಖುಷಿಪಡಬೇಕಾದ ಹೊತ್ತು. ಪುಂಡಿಪಲ್ಯಕ್ಕೆ ಅದೇ ರುಚಿ ಇತ್ತು, ತಾಟು ಮಾತ್ರ ಬೇರೆಯಿತ್ತು.

ಹೊರಡುವಾಗ ಬೇಡವೆಂದರೂ ಬಸ್ಸು ನಿಲ್ಲುವ ಜಾಗದ ತನಕ ಬಂದಳು. ಎರಡು ಸಲ ನಿಂತು ಸುಧಾರಿಸಿಕೊಂಡಳು. ಮುಂದಿನ ರವಿವಾರ ಬರುತ್ತೇನೆ ಅಂದೆ. ಆಯ್ತ್ರಿ ಅಂದಳು, ನಂಬಿದಳೋ ಇಲ್ಲವೋ. ಬಸ್ಸು ಬಂತು. ನಾನು ಮೆಟ್ಟಿಲು ಹತ್ತುವಾಗ ಕೆಳಗಿನಿಂದ, ಶಾಲೆಗೆ ಹೊಸದಾಗಿ ಸೇರಿದ ಮಗುವನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು.

"ಅಂಜಬ್ಯಾಡ್ರಿ ಅಕ್ಕೋರ. ಆರು ತಿಂಗಳಿಗೆ ಪೂರಾ ಹೋಗತೈತಂತ."

ಸವದತ್ತಿ ಬರುವ ತನಕ ನಾನು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದೆ. ಆ ತಾಟು ಇನ್ನೊಮ್ಮೆ ನಡುವೆ ಬರಲಿ ಅಂತ ಎಷ್ಟು ಆಸೆಯಾಯಿತು ಅಂದರೆ, ಇಳಿದು ವಾಪಸ್ ಹೋಗಿಬಿಡಲೇ ಅನ್ನಿಸಿತು.

ಅವಳ ರೋಗ ಆರು ತಿಂಗಳಿಗೆ ಹೋಗುತ್ತದೆ. ನನ್ನ ಅಂಜಿಕೆ?