ಒಳಹೊಲಿಗೆಯ ಎರಡು ಬೆರಳು

ನನ್ನ ಓರಗಿತ್ತಿಯನ್ನು ಮನೆಯಲ್ಲಿ ಎಲ್ಲರೂ ಸೂಜಿ ಅನ್ನುತ್ತೇವೆ. ಕೂತಲ್ಲಿ ಕೂರುವ ಪೈಕಿಯಲ್ಲ. ಊಟಕ್ಕೆ ಕೂತರೂ ಒಂದು ಕಾಲು ಮಷಿನ್ ತುಳಿಯುತ್ತಲೇ ಇರುತ್ತದೆ. ಹತ್ತು ವರ್ಷ ಮೆಟ್ಟಿಲ ಕೆಳಗೆ ಮಷಿನ್ ಇಟ್ಟುಕೊಂಡು ಅಕ್ಕಪಕ್ಕದವರ ಬಟ್ಟೆ ಹೊಲಿದವಳು, ಎಂಟು ತಿಂಗಳ ಹಿಂದೆ ಬೇಕರಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು ನಾಲ್ವರು ಹೆಂಗಸರನ್ನು ಸೇರಿಸಿಕೊಂಡಳು. ಅವಳ ಇಬ್ಬರು ಮಕ್ಕಳು ಶಾಲೆಯಿಂದ ಬಂದರೆ ನನ್ನ ಪಾಲಿಗೆ. ಅದಕ್ಕೆ ನಾನು ಗೊಣಗದ ದಿನವಿಲ್ಲ, ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಯೊಂದು ನರ್ಸ್‌ಗಳಿಗೆ ಅರವತ್ತು ಕೋಟು ಹೊಲಿಸಿತು. ಒಪ್ಪಿಗೆಯಾದರೆ ವರ್ಷಪೂರ್ತಿ ಕೆಲಸ. ಇಲ್ಲದಿದ್ದರೆ ಕೋಣೆ ಬಿಟ್ಟು ಮಷಿನ್ ಮತ್ತೆ ಮೆಟ್ಟಿಲ ಕೆಳಗೆ. ಉಗ್ರಾಣದ ಅಧಿಕಾರಿ ಒಂದು ಕೋಟನ್ನು ತಿರುವಿ, ಒಳಗೆ ಸ್ಕೇಲ್ ಇಟ್ಟು ನೋಡಿ, ಇಡೀ ಕಟ್ಟನ್ನು ವಾಪಸ್ ಕೊಟ್ಟ. ಒಳಹೊಲಿಗೆಯಾಚೆ ಒಂದು ಬೆರಳಗಲ ಬಟ್ಟೆ ಬಿಡಬೇಕೆಂದು ಬರೆದುಕೊಟ್ಟಿದ್ದರು. ಇವಳು ಎರಡು ಬೆರಳು ಬಿಟ್ಟಿದ್ದಳು. ಮನೆಯಲ್ಲಿ ಹೊಲಿದ ಕೈ ಅದು. ಹುಡುಗಿ ನಾಳೆ ದಪ್ಪಗಾದರೆ ಬಿಚ್ಚಿ ಅಗಲ ಮಾಡಿಕೊಳ್ಳಲಿ ಎಂದು ಬಿಟ್ಟು ಬಿಟ್ಟು ರೂಢಿಯಾಗಿ, ಕಣ್ಣು ಓದಿದ್ದು ಒಂದಾದರೆ ಕತ್ತರಿ ತನ್ನ ಪಾಡಿಗೆ ಹೋಗಿತ್ತು. ಮರುದಿನ ಸಂಜೆ ಐದರೊಳಗೆ ಸರಿಮಾಡಿ ತರಬೇಕಿತ್ತು.

ಅಂಚು ಬಿಚ್ಚಿ, ಕತ್ತರಿಸಿ, ಮತ್ತೆ ಹೊಲಿಯಬೇಕು. ಐದೂ ಮಷಿನ್ ನಿಲ್ಲದೆ ಓಡಿದರೆ ಮುಗಿಯುವ ಕೆಲಸ. ಆದರೆ ಮೂರಕ್ಕೆ ಶಾಲೆ ಬಿಡುತ್ತದೆ, ಮೂರಕ್ಕೇ ನಾಲ್ವರೂ ಎದ್ದು ಹೊರಡುತ್ತಾರೆ. ಆ ರಾತ್ರಿ ಸೂಜಿ ಅಡುಗೆಮನೆಗೂ ಬಾಗಿಲಿಗೂ ಶತಪಥ ಹಾಕಿದಳು. ಮುಚ್ಚಿದ ಪಾತ್ರೆ ತೆರೆದಳು, ತೆರೆದದ್ದನ್ನು ಮುಚ್ಚಿದಳು. ನನಗೆ ರೇಗಿತು.

"ಬಾಯಿಬಿಟ್ಟು ಕೇಳೋಕೇನು ಕಷ್ಟ? ಅವರ ಮಕ್ಕಳನ್ನೂ ಇಲ್ಲಿಗೇ ಕಳಿಸು."

"ಒಟ್ಟು ಒಂಬತ್ತಾಗ್ತಾವೆ, ಅಕ್ಕಾ."

"ಎಣಿಸೋಕೆ ನನಗೂ ಬರುತ್ತೆ."

ಹೇಳುವಾಗ ಇದ್ದ ಜಂಬ ಮರುದಿನ ಮೂರೂಕಾಲಿಗೆಲ್ಲ ಇಳಿದಿತ್ತು. ಒಂದು ಮಗು ಅಮ್ಮ ಬೇಕೆಂದು ಅಳುತ್ತಿತ್ತು, ಎರಡು ಮಂಚದ ಕೆಳಗೆ ಜಗಳ ಆಡುತ್ತಿದ್ದವು, ನನ್ನ ಕನ್ನಡಕ ಯಾರ ಕೈಯಲ್ಲಿತ್ತೋ ಗೊತ್ತಾಗಲಿಲ್ಲ. ನಾಲ್ಕೂಕಾಲಿಗೆ ಕೆಲಸ ಮುಗಿಸಿ ಹೆಂಗಸರೆಲ್ಲ ಬಂದರು. ಹಿಂದೆಯೇ ಕಟ್ಟು ಹೊತ್ತ ಸೂಜಿ. ಭಾರ ಇದೆ, ಒಂದು ಕೈ ಹಿಡಿ ಎಂದು, ಮಕ್ಕಳನ್ನು ಅವರ ಕೈಗೆ ಬಿಟ್ಟು, ನನ್ನನ್ನೂ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ತಲೆ ಬಾಚಿಕೊಳ್ಳಲೂ ಬಿಡಲಿಲ್ಲ.

ಅಧಿಕಾರಿ ಏಳು ಕೋಟು ಅಳೆದ. ಇವಳು ಏಳುವುದು, ಕೂರುವುದು, ಮತ್ತೆ ಏಳುವುದು. ಕುರ್ಚಿಗೆ ಕಟ್ಟಿಹಾಕೋಣ ಅನ್ನಿಸಿತು. ಕೊನೆಗೆ ಆತ ವರ್ಷದ ಕರಾರಿನ ಕಾಗದ ಮುಂದಿಟ್ಟ. ಕೆಲಸ ಮಾಡುವವರು ಎಷ್ಟು ಎಂಬಲ್ಲಿ ಅವಳು ಆರು ಎಂದು ಬರೆದಳು. ಐದೇ ಮಷಿನ್ ಅಲ್ಲವೇ ಎಂದು ಆತ ಕೇಳಿದ.

"ಆರನೆಯವರು ಇವರು, ನಮ್ಮಕ್ಕ. ಇವರು ನಿಂತರೆ ಐದೂ ನಿಲ್ತಾವೆ."

ಆತ ಪೆನ್ನು ಹಿಡಿದು ನನ್ನ ಹೆಸರು ಕೇಳಿದ. ಕೆಲಸದ ಕಾಗದಕ್ಕೆ ಯಾರಾದರೂ ನನ್ನ ಹೆಸರು ಕೇಳಿದ್ದು ಅದೇ ಮೊದಲು. ತಪ್ಪು ಬರೆದುಕೊಂಡಾನೆಂದು ಎರಡು ಸಲ ಹೇಳಿದೆ.