ಅಳಿಯನಿಗೆ ಒಲೆ ತೋರಿಸಿದ್ದು

ಜಾಂಬಿಯಾದ ಮುಫುಲಿರಾದಲ್ಲಿ, ಹಳೇ ತಾಮ್ರದ ಗಣಿಯ ಗೇಟಿನೆದುರು ಇಪ್ಪತ್ತೆರಡು ವರ್ಷ ಮೆಕ್ಕೆಜೋಳದ ಮುದ್ದೆ ಬಡಿಸಿದವಳು ಬನಾ ಕಸೋಂಡೆ, ಅಂದರೆ ಕಸೋಂಡೆಯ ತಾಯಿ. ತಾಮ್ರದ ಬೆಲೆ ಏರಿದರೆ ಪಾಳಿಯವರು ಕೋಳಿ ಕೇಳುತ್ತಿದ್ದರು, ಇಳಿದರೆ ಅಲಸಂದೆ ಸಾರು. ಪೇಟೆಯ ದರ ತಿಳಿಯಲು ಅವಳಿಗೆ ರೇಡಿಯೋ ಬೇಕಿರಲಿಲ್ಲ. ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸಿದವಳಲ್ಲ, ಒಬ್ಬನನ್ನು ಬಿಟ್ಟು. ಅವನು ಅದೇ ಗಣಿಯಲ್ಲಿ ದುಡಿಯುತ್ತಿದ್ದ ಅವಳ ಸ್ವಂತ ಅಳಿಯ ಕಪೆಂಬ್ವಾ.

ಹೆಣ್ಣಿನ ಕಡೆಯವರು ಹಬ್ಬದಡುಗೆಯ ಮಡಕೆ ಹೊತ್ತು, ಹಾಡುತ್ತ ಹೋಗಿ 'ಒಲೆ ತೋರಿಸುವ' ತನಕ ಬೆಂಬಾ ಜನರಲ್ಲಿ ಅಳಿಯ ಅತ್ತೆಯ ಅಡುಗೆ ಮುಟ್ಟುವ ಹಾಗಿಲ್ಲ. ಆ ಶಾಸ್ತ್ರ ಮಾಡಿದರೆ ಊರೇ ಮೂಗಿನ ಮೇಲೆ ಬೆರಳಿಡಬೇಕು, ಹತ್ತು ಕೋಳಿಯಾದರೂ ಇರಬೇಕು ಎಂದು ಇವಳ ಹಟ. ಮುಂದೂಡುತ್ತ ಮುಂದೂಡುತ್ತ ನಾಲ್ಕು ವರ್ಷ ಕಳೆಯಿತು. ಅಷ್ಟರಲ್ಲಿ ತಾಮ್ರದ ಬೆಲೆ ಕುಸಿದು ಗಣಿ ಮುಚ್ಚಿತು. ಅಳಿಯನಿಗೆ ದೂರದ ಸೊಲ್ವೆಜಿಯಲ್ಲಿ ಕೆಲಸ ಸಿಕ್ಕಿತು; ಭಾನುವಾರವೇ ಬಸ್ಸು. ಇವಳ ಮನೆಯಲ್ಲಿ ಉಳಿದದ್ದು ಒಂದು ಸೇರು ಅಲಸಂದೆ.

"ನನ್ನ ಕೈಯಿಂದ ಒಂದು ತುತ್ತೂ ತಿನ್ನದೆ ಹೋಗ್ತಾನಲ್ಲೇ!" ಎಂದು ಪಕ್ಕದಲ್ಲಿ ಒಣಮೀನು ಮಾರುವ ಬನಾ ಲುಂಬ್ವೆಯ ಮುಂದೆ ಕಣ್ಣೊರೆಸಿಕೊಂಡಳು.

"ಹತ್ತು ಕೋಳಿ ಹತ್ತು ಕೋಳಿ ಅಂತ ಕೂತ್ಯಲ್ಲ, ಮೊಟ್ಟೆ ಒಡೆದು ಮರಿ ಬರ್ಲಿ ಅಂತ ಕಾದ್ಯಾ? ಏಳೇ ಮಾರಾಯ್ತಿ! ಹೋಗಿ ಅಲಸಂದೆ ನೆನೆಹಾಕು. ಉಳಿದಿದ್ದು ನಮಗೆ ಬಿಡು."

ಶನಿವಾರ ಮಧ್ಯಾಹ್ನ ಹನ್ನೊಂದು ಮಂದಿ ಹೆಂಗಸರು ತಲೆಯ ಮೇಲೆ ಮಡಕೆ ಹೊತ್ತು ಅವಳ ಮನೆಗೆ ಬಂದರು. ಎಲ್ಲರ ಗಂಡಂದಿರೂ ಅವಳ ಮುದ್ದೆ ತಿಂದು ಗಣಿಗಿಳಿದವರೇ, ಈಗ ಕೆಲಸವಿಲ್ಲದೆ ಮನೆಯಲ್ಲಿ ಕೂತವರೇ. ಆದರೂ ಒಬ್ಬಳು ಮುದ್ದೆ, ಒಬ್ಬಳು ಮೀನು ತಂದಿದ್ದಳು, ಒಬ್ಬಳು ಶೇಂಗಾ ಹಾಕಿದ ಸೊಪ್ಪು, ಮೂವರು ಸೇರಿ ಒಂದು ಹುಂಜ. ಬನಾ ಕಸೋಂಡೆ ಬಿಕ್ಕಿ ಬಿಕ್ಕಿ ಅತ್ತಳು. ಇಂಥವರ ನಡುವೆ ಬಾಳಿಸಿದ್ದಕ್ಕೆ ದೇವರಿಗೆ ವಂದಿಸಿದಳು.

ಅಳಿಯನ ಮನೆಯ ಚಾಪೆಯ ಮೇಲೆ ಮಡಕೆಗಳು ಸಾಲಾದವು. ತನ್ನ ಅಲಸಂದೆಯ ಸಣ್ಣ ಮಡಕೆಯನ್ನು ಅವಳು ನಾಚಿಕೊಂಡು ಹಿಂದೆ ಸರಿಸಿ, ಹೆಂಗಸರ ಬೆನ್ನಿಗೆ ಮರೆಯಾಗಿ ಕೂತಳು. ಕಪೆಂಬ್ವಾ ಹುಂಜವನ್ನು ಬಿಟ್ಟ, ಮೀನನ್ನೂ ಬಿಟ್ಟ. ಕೈ ಚಾಚಿ ಆ ಸಣ್ಣ ಮಡಕೆಯನ್ನೇ ಎಳೆದುಕೊಂಡ.

"ಅದ್ಯಾಕೆ ಅಳಿಯಂದ್ರೆ? ಹುಂಜ ಹೊತ್ತು ನಮ್ಮ ಕತ್ತು ಬಿದ್ದುಹೋಯ್ತು!" ಎಂದಳು ಬನಾ ಲುಂಬ್ವೆ.

ಅವನು ಮರ್ಯಾದೆಗೆ ಅತ್ತೆ ಕೂತ ಕಡೆ ಕಣ್ಣೆತ್ತದೆ ಹೇಳಿದ: "ನಾಲ್ಕು ವರ್ಷ ಆ ಗೇಟಲ್ಲಿ ಇದ್ರ ವಾಸನೆ ನೆಂಚ್ಕೊಂಡೇ ಒಣ ಬನ್ನು ತಿಂದಿದೀನಿ, ಅಮ್ಮಾ."

ಹಾಗೆಂದು ಮುದ್ದೆ ಮುರಿದ.